ದೇವರ ಮನೆಯಲ್ಲಿ ಒಂಟಿ ಕಾಲು

ಈರೇಶನಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ಮಹಾನಂದಾಳಿಗೆ ಹೇಳದವರಿಲ್ಲ. ಹಾಗೆ ಹೇಳಿದವರೆಲ್ಲ ಬೀಗ ಹಾಕಿದ ಬಾಗಿಲಿನ ಆಚೆಗಿದ್ದರು, ಆ ಮಾತು ಬೇರೆ. ಬೆಳಿಗ್ಗೆ ಎದ್ದವನೇ ಅವಳ ತಲೆ ಬಾಚಿ ಜಡೆ ಹಾಕುತ್ತಿದ್ದ. ಗುಳಿಗೆಗಳನ್ನು ಹಾಳೆಯಿಂದ ಬಿಡಿಸಿ ಬಟ್ಟಲಲ್ಲಿಡುತ್ತಿದ್ದ. ನೀರಿನ ಬಾಟಲಿಯ ಮುಚ್ಚಳ ಸಡಿಲಿಸಿ ಕೈಗೆಟುಕುವಲ್ಲಿ ನಿಲ್ಲಿಸುತ್ತಿದ್ದ. ಖಾನಾವಳಿಯಿಂದ ತಂದ ರೊಟ್ಟಿಯನ್ನು ಮುರಿದು, ಪಲ್ಯದ ಡಬ್ಬಿಯನ್ನು ಅರ್ಧ ತೆರೆದು ಇಡುತ್ತಿದ್ದ. ಆಮೇಲೆ ವೈಟ್‌ಫೀಲ್ಡಿನ ಆಫೀಸಿಗೆ ಹೊರಟು, ಬಾಗಿಲ ಹೊರಗಿನ ಚಿಲಕಕ್ಕೆ ಬೀಗ ಹಾಕಿ, ಬೀಗವನ್ನು ಒಮ್ಮೆ ಜಗ್ಗಿ ನೋಡುತ್ತಿದ್ದ. ಒಳಗೆ ಸೋಫಾದ ಮೇಲೆ ಕೂತ ಮಹಾನಂದಾಳಿಗೆ ಆ ಜಗ್ಗುವ ಸದ್ದು ದಿನಾಲೂ ಎದೆಯೊಳಗೇ ಕೇಳುತ್ತಿತ್ತು.

ಅವಳಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಸಂಧಿವಾತ ಎಂದ ಕೂಡಲೇ ಜನ ಮುದುಕಿಯರನ್ನು ನೆನೆಯುತ್ತಾರೆ. ಇದು ಆ ಸವಕಳಿಯ ನೋವಲ್ಲ. ಮೈ ತನ್ನ ಮೇಲೆ ತಾನೇ ತಿರುಗಿ ಬೀಳುವ ಜಾತಿಯದು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಬೆರಳ ಗೆಣ್ಣುಗಳಲ್ಲಿ ಶುರುವಾಗಿ, ಮಣಿಕಟ್ಟು, ಮೊಣಕಾಲು, ಪಾದ ಎಂದು ಒಂದೊಂದೇ ಗಂಟನ್ನು ಹಿಡಿಯುತ್ತ ಬಂತು. ಬೆಳಿಗ್ಗೆ ಎದ್ದಾಗ ಮೈಯೆಲ್ಲ ಒಣಗಿದ ತೊಗಲು. ಬಿಸಿಲು ಏರಿದ ಹಾಗೆ ಸ್ವಲ್ಪ ಮೆತ್ತಗಾಗುತ್ತಿತ್ತು. ಬ್ಯಾಡಗಿಯ ಮನೆಯಲ್ಲಿ ರೊಟ್ಟಿ ಬಡಿದರೆ ಓಣಿಗೆಲ್ಲ ಕೇಳುತ್ತಿದ್ದ ಕೈಗೆ ಈಗ ಚಹಾದ ಕಪ್ಪು ಎತ್ತಲು ಇನ್ನೊಂದು ಕೈಯ ಆಸರೆ ಬೇಕು.

ಹೋದ ಬೇಸಿಗೆಯಲ್ಲಿ ಅವಳು ಅಡುಗೆಮನೆಯಲ್ಲಿ ಬಿದ್ದಳು. ಈರೇಶ ಆಗಷ್ಟೇ ಆಫೀಸಿಗೆ ಹೋಗಿದ್ದ. ಮೇಲೇಳಲು ಕೈಯೂರಬೇಕು, ಆದರೆ ಮಣಿಕಟ್ಟು ಮೈಭಾರ ತಾಳುತ್ತಿರಲಿಲ್ಲ. ಮೊಬೈಲು ಸೋಫಾದ ಮೇಲೆ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಸಂಜೆ ಅವನು ಬಂದಾಗ ಅವಳು ಫ್ರಿಜ್ಜಿನ ಬುಡದಲ್ಲಿ ಹಾಗೆಯೇ ಮಲಗಿದ್ದಳು. ಮೂಳೆ ಒಂದೂ ಮುರಿದಿರಲಿಲ್ಲ. ಮುರಿದದ್ದು ಈರೇಶನ ಧೈರ್ಯ.

ಮರುವಾರವೇ ಒಂದು ಕ್ಯಾಮೆರಾ ಬಂತು. ಬಿಳಿ ಬಣ್ಣದ, ಕುತ್ತಿಗೆ ತಿರುಗಿಸಿ ನೋಡುವ, ಮಾತೂ ಆಡುವ ಪುಟ್ಟ ಉಂಡೆ. ಟಿವಿಯ ಪಕ್ಕ ಕೂತು ಹಾಲ್, ಅಡುಗೆಮನೆ, ಬಾಗಿಲು ತೆರೆದೇ ಇಡುವ ಮಲಗುವ ಕೋಣೆ ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿತ್ತು. ಅದರ ಜೊತೆಗೆ ಬೀಗ. ಯಾರೋ ಕೊರಿಯರಿನವರು ಬೆಲ್ಲು ಒತ್ತುತ್ತಾರೆ, ಇವಳು ಗಡಿಬಿಡಿಯಲ್ಲಿ ಎದ್ದು ಬೀಳುತ್ತಾಳೆ, ಅದಕ್ಕಿಂತ ಹೊರಗಿನಿಂದ ಬೀಗ ಕಂಡರೆ ಯಾರೂ ಬೆಲ್ಲೇ ಒತ್ತುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಪ್ರೀತಿ ಎಂಬುದು ಹೆದರಿದಾಗ ಎಷ್ಟು ಸೊಗಸಾಗಿ ಯೋಚಿಸುತ್ತದೆ ನೋಡಿ! ಕ್ಯಾಮೆರಾದ ಆ್ಯಪು ಅವನ ಮೊಬೈಲಿನಲ್ಲಿತ್ತು, ಧಾರವಾಡದಲ್ಲಿ ಓದುವ ಮಗಳು ಶಿವಾನಿಯ ಮೊಬೈಲಿನಲ್ಲಿತ್ತು, ಸಾಲದ್ದಕ್ಕೆ ಬ್ಯಾಡಗಿಯಲ್ಲಿ ಅವ್ವನ ಜೊತೆಗಿರುವ ತನ್ನ ಅಣ್ಣ ನಿಂಗಪ್ಪನ ಮೊಬೈಲಿಗೂ ಹಾಕಿಸಿದ್ದ. ಮಹಾನಂದಾ ನೀರು ಕುಡಿಯಲು ಎದ್ದರೆ ಮೂರು ಊರಿಗೆ ಗೊತ್ತಾಗುತ್ತಿತ್ತು.

ಕುಂದಲಹಳ್ಳಿಯ ಆ ಮನೆ ಮೂರನೇ ಮಹಡಿಯಲ್ಲಿತ್ತು. ಕೆಳಗೆ ಓನರು ವಸಂತಮ್ಮ ಇದ್ದರು. ತಾವು ಸೊಸೆಯಾಗಿ ಬಂದಾಗ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಎಣಿಸುವ ಅರವತ್ತರ ಹೆಂಗಸು. ತಾರಸಿಗೆ ಬಟ್ಟೆ ಒಣಗಿಸಲು ಹತ್ತುವಾಗ ಈ ಬಾಗಿಲ ಮುಂದೆ ನಿಲ್ಲುವುದು ಅವರ ರೂಢಿ.

“ನಂದಮ್ಮಾ, ಇವತ್ತೂ ಬೀಗ ಜಡ್ಕೊಂಡು ಓದ್ರಾ ನಿಮ್ ಸಾರು?”

“ಹೂಂನ್ರಿ.”

“ನಮ್ಮತ್ತೆ ಕಾಲ್ದಲ್ಲಿ ಎಮ್ಮೇನೂ ಇಂಗೆ ಕಟ್ಟಾಕ್ತಿರ್ಲಿಲ್ಲ ಕಣವ್ವಾ. ಗ್ಯಾಸು ಗೀಸು ಏನಾರ ಆದ್ರೆ ಎಂಗೆ? ನಂಗೊಂದು ಕೀ ಕೊಡಿ ಅಂದೆ, ತೊಂದ್ರೆ ಯಾಕೆ ಆಂಟಿ ಅಂತವ್ರೆ. ಬಾಗ್ಲ ಜೊತೆ ಮಾತಾಡ್ಕೊಂಡು ನಿಂತ್ರೆ ನೋಡ್ದೋರು ಈ ಮುದ್ಕಿಗೆ ತಲೆ ಕೆಟ್ಟೈತೆ ಅಂದ್ಕೊಳಲ್ವಾ?”

ಮಹಾನಂದಾ ನಗುತ್ತಿದ್ದಳು. ವಸಂತಮ್ಮ ಮೇಲೆ ಹತ್ತಿ ಹೋದ ಮೇಲೆ ಅವರ ಕಾಲ ಸಪ್ಪಳ ಕೇಳುತ್ತ ಕೂರುತ್ತಿದ್ದಳು. ಹತ್ತುವುದು, ಇಳಿಯುವುದು, ನಡುವೆ ನಿಂತು ಉಸಿರು ಬಿಡುವುದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಆ ಬಾಗಿಲು ಹಗಲು ಹೊತ್ತು ತೆರೆದಿರಬೇಕು, ಮೆಟ್ಟಿಲಿಳಿದು ರಸ್ತೆಯಂಚಿನ ಹೊಂಗೆ ಮರದವರೆಗೆ ಹೋಗಿ ಬರಬೇಕು. ಕೇಳಿದಾಗಲೆಲ್ಲ ಈರೇಶನ ಉತ್ತರ ಒಂದೇ: “ಮದಲ ಬೀಳದಂಗ ಆಗು, ಆಮ್ಯಾಲ ನೋಡೂಣು.”

ಬೀಳದ ಹಾಗೆ ಆಗುವುದನ್ನು ಕಲಿಸಲು ಒಬ್ಬಳು ಬಂದಿದ್ದಳು. ಸ್ಫೂರ್ತಿ ಎಂಬ ಹುಡುಗಿ, ಆಸ್ಪತ್ರೆಯವರು ಕಳಿಸಿದ ಫಿಸಿಯೋಥೆರಪಿಸ್ಟ್. ಅವಳು ಬರುವ ದಿನ ಈರೇಶ ಅವಳನ್ನು ಒಳಗೆ ಬಿಟ್ಟ ಮೇಲೆಯೇ ಆಫೀಸಿಗೆ ಹೊರಡುತ್ತಿದ್ದ, ಹೋಗುವಾಗ ಬೀಗ ಹಾಕುವ ಕೆಲಸ ಅವಳದು. ಬಂದ ಮೊದಲ ದಿನವೇ ಮಹಾನಂದಾಳಿಗೆ ಕುರ್ಚಿಯಿಂದ ಕೈಯೂರದೆ ಏಳಲು ಹೇಳಿದಳು. ಏಳಲಾಗಲಿಲ್ಲ. ಅರ್ಧಕ್ಕೆ ಎದ್ದು ದೊಪ್ಪೆಂದು ಕೂತಳು.

“ನೋಡಿ ಮೇಡಂ, ನಿಮ್ಮನ್ನ ಬೀಳಿಸಿದ್ದು ಬರೀ ಊತ ಅಲ್ಲ. ನೋವಾಗುತ್ತೆ ಅಂತ ಕೂತ್ರಿ, ಕೂತಿದ್ದಕ್ಕೆ ತೊಡೇಲಿ ಬಲ ಹೋಯ್ತು, ಬಲ ಹೋಗಿದ್ದಕ್ಕೆ ಬಿದ್ರಿ. ಈಗ ಬಿದ್ವಿ ಅಂತ ಇನ್ನೂ ಕೂತಿದೀರ. ಊತ ಜಾಸ್ತಿ ಇರೋ ದಿನ ಬಿಟ್ಬಿಡಿ, ಬೆರಳು ಆಡಿಸಿದ್ರೆ ಸಾಕು. ಉಳಿದ ದಿನ ಬಿಡೋ ಹಾಗಿಲ್ಲ.”

ಅವಳು ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಒಂದು ಪಾದದ ಮುಂದೆ ಇನ್ನೊಂದು ಪಾದ ಜೋಡಿಸಿ ನಿಲ್ಲುವುದು. ಒಂದೇ ಕಾಲ ಮೇಲೆ ನಿಂತು, ಹಿಡಿದ ಕೈಯನ್ನು ಮೆಲ್ಲಗೆ ಸಡಿಲಿಸುವುದು. ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟುವುದು. ಮೂಲೆಯಲ್ಲಿ ನಿಂತು ಮಾಡಿ, ಎರಡು ಕಡೆ ಗೋಡೆ ಕೈಗೆ ಸಿಗಲಿ, ಒಬ್ಬರೇ ಇದ್ದಾಗ ಹಿಡಿಯಲು ಏನೂ ಇಲ್ಲದ ಕಡೆ ಮಾಡಲೇಬೇಡಿ ಎಂದಿದ್ದಳು.

ಮೂರನೇ ಸಲ ಬಂದಾಗ ಮಹಾನಂದಾ ಒಂಟಿ ಕಾಲ ಮೇಲೆ ನಿಂತಳು. ನಿಂತವಳು ತುಸು ವಾಲಿದಳು. ವಾಲಿದ್ದನ್ನು ಸ್ಫೂರ್ತಿ ಹಿಡಿಯುವ ಮೊದಲೇ ಟಿವಿ ಪಕ್ಕದ ಉಂಡೆ ಕಿರುಚಿತು: “ಏ ನಂದಾ! ಬೀಳ್ತೀ! ಕುಂದ್ರು ಕುಂದ್ರು ಕುಂದ್ರು!”

ಆ ದನಿಗೆ ಬೆಚ್ಚಿ ಬಿದ್ದಳು ನಿಜ, ಸೋಫಾದ ಮೇಲೆ. ಸ್ಫೂರ್ತಿಯ ಮುಖ ಕೆಂಪೇರಿತು. “ಸಾರ್, ನೀವು ಕೂಗಿದ್ದಕ್ಕೇ ಬಿದ್ರು” ಎಂದು ಕ್ಯಾಮೆರಾದ ಕಡೆ ತಿರುಗಿ ಹೇಳಿದಳು. ಮರುದಿನ ಈರೇಶ ಆಸ್ಪತ್ರೆಗೆ ಫೋನು ಮಾಡಿ, ಸದ್ಯಕ್ಕೆ ಯಾರನ್ನೂ ಕಳಿಸಬೇಡಿ ಎಂದ. ಬೀಳದಿರುವುದನ್ನು ಕಲಿಯುವಾಗ ಬೀಳುವಂತಾಗುತ್ತದೆ, ಅದಕ್ಕೆ ಕಲಿಯುವುದೇ ಬೇಡ. ಇಷ್ಟು ಅಚ್ಚುಕಟ್ಟಾದ ಬೋನು ಪೇಟೆಯಲ್ಲಿ ಸಿಗುವುದಿಲ್ಲ.

ಅವನು ಕೆಟ್ಟವನಾಗಿದ್ದರೆ ಮಹಾನಂದಾಳಿಗೆ ಸುಲಭವಿತ್ತು. ಬೈಯಬಹುದಿತ್ತು, ತವರಿಗೆ ಫೋನು ಮಾಡಬಹುದಿತ್ತು. ರಾತ್ರಿ ಅವಳ ಪಾದಕ್ಕೆ ಬಿಸಿನೀರಿನ ಚೀಲ ಕಟ್ಟುವವನನ್ನು ಏನೆಂದು ಬೈಯುವುದು? ಅವಳು ಸುಮ್ಮನೆ ಕೂತಳು. ಕೂತು ಕೂತು ಸೋಫಾದ ಆ ಜಾಗ ಅವಳ ಆಕಾರಕ್ಕೆ ಇಳಿದುಹೋಯಿತು. ಮೈ ಅಲುಗಿಸದೆ ಕಣ್ಣಷ್ಟೇ ತಿರುಗಿಸಿ ಗೋಡೆ, ಫ್ಯಾನು, ಬಾಗಿಲು ನೋಡುವುದು ರೂಢಿಯಾಯಿತು. ಒಮ್ಮೆ ಯಾರೂ ಕಾಣದ ಹಾಗೆ ಸೆರಗಿನ ಮರೆಯಲ್ಲಿ ಬೆರಳು ಆಡಿಸಿದಳು, ಅದಕ್ಕೂ ಉಂಡೆ “ಕೈ ನೋಯಾಕತ್ತಾವೇನು?” ಎಂದು ಕೇಳಿತು.

ಆ ಮನೆಯಲ್ಲಿ ಉಂಡೆಯ ಕಣ್ಣು ಬೀಳದ ಜಾಗ ಎರಡೇ. ಬಚ್ಚಲು ಮತ್ತು ದೇವರ ಮನೆ. ದೇವರ ಮನೆಯ ಬಾಗಿಲಿಗೆ ಪುಟ್ಟ ಪುಟ್ಟ ಗಂಟೆಗಳು. ಅವಳು ಬೆಳಿಗ್ಗೆ ಸ್ನಾನ ಮಾಡಿ ಇಷ್ಟಲಿಂಗ ಪೂಜೆಗೆ ಒಳಗೆ ಹೋಗಿ ಬಾಗಿಲು ಎಳೆದುಕೊಂಡರೆ ಈರೇಶ ಚಕಾರ ಎತ್ತುತ್ತಿರಲಿಲ್ಲ. ಪೂಜೆಗೆ ಕೂತವರನ್ನು ಕೂಗಬಾರದು ಎಂದು ಅವನ ಅವ್ವ ಶಿವಲಿಂಗಮ್ಮ ಸಣ್ಣವನಿದ್ದಾಗಲೇ ಬುದ್ಧಿ ಕಲಿಸಿದ್ದರು. ಲಿಂಗವಿಡುವ ಕರಡಿಗೆಯ ಬಿರಡೆ ತೆಗೆಯಲು ಅವಳ ಹೆಬ್ಬೆರಳಿಗೆ ಆಗದೆಂದು, ಆಫೀಸಿಗೆ ಹೋಗುವ ಮುನ್ನ ಅದನ್ನೂ ಸಡಿಲಿಸಿ ಹೋಗುತ್ತಿದ್ದ.

ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಲಿಂಗಪ್ಪನನ್ನು ಕರಡಿಗೆಯೊಳಗಿಟ್ಟು ಕಣ್ಣಿಗೊತ್ತಿಕೊಂಡು, ಗೋಡೆ ಹಿಡಿದು ಎದ್ದಳು. ಎದ್ದವಳು ಹಾಗೆಯೇ ನಿಂತಳು. ಎಡಗೈ ಚಾಚಿದರೆ ಗೋಡೆ. ಬಲಗೈ ಚಾಚಿದರೆ ಗೋಡೆ. ಎದುರಿಗೆ ಸೊಂಟದೆತ್ತರಕ್ಕೆ ದೀಪ ಇಡುವ ಕಲ್ಲಿನ ಕಟ್ಟೆ. ಸ್ಫೂರ್ತಿ ಹೇಳಿದ್ದ ಮೂಲೆ ಇದೇ ಅಲ್ಲವೇ? ಬೆಂಗಳೂರಿನ ಬಾಡಿಗೆ ಮನೆಗಳ ದೇವರ ಮನೆ ಎಷ್ಟು ಇಕ್ಕಟ್ಟೆಂದರೆ, ಅಲ್ಲಿ ಬೀಳಬೇಕೆಂದರೂ ಜಾಗವಿರುವುದಿಲ್ಲ. ಅವಳಿಗೆ ನಗು ಬಂತು. ಕಟ್ಟೆ ಹಿಡಿದು ಒಂದು ಕಾಲನ್ನು ನೆಲದಿಂದ ಚೂರು ಎತ್ತಿದಳು.

“ನಿಂದು ಮುಗೀತು, ಇನ್ನ ನಂದು” ಎಂದು ಶಿವನಿಗೆ ಮೆಲ್ಲಗೆ ಹೇಳಿದಳು.

ಅಂದಿನಿಂದ ಅವಳ ಪೂಜೆ ಉದ್ದವಾಯಿತು. ಮೊದಲು ಪೂಜೆ, ಅದರಲ್ಲಿ ಮೋಸವಿಲ್ಲ. ಆಮೇಲೆ ಹಿಮ್ಮಡಿ ಎತ್ತಿ ಇಳಿಸುವುದು, ಪಾದದ ಮುಂದೆ ಪಾದ, ಒಂಟಿ ಕಾಲು. ಕೂರುವ ಮಣೆಯನ್ನು ಗೋಡೆಗೆ ಒತ್ತಿ ಅದರ ಮೇಲೆ ಹತ್ತಿ ಇಳಿಯುವುದು. ಊತವಿಲ್ಲದ ಬರೀ ನೋವಿನ ದಿನ ಹಲ್ಲು ಕಚ್ಚಿ ಮಾಡುತ್ತಿದ್ದಳು, ಊತ ಬಂದ ದಿನ ನಿಜವಾಗಿಯೂ ಬರೀ ಪೂಜೆ ಮಾಡಿ ಹೊರಗೆ ಬರುತ್ತಿದ್ದಳು. ಆ ಬಾಗಿಲು ಹಾಕಿಕೊಂಡ ಹೊತ್ತಿನಲ್ಲಿ ಮಾತ್ರ ತಾನು ಯಾರಿಗೂ ಕಾಣುತ್ತಿಲ್ಲ ಎಂಬ ಸುಖ ಎಷ್ಟಿತ್ತೆಂದರೆ, ಅದಕ್ಕಾಗಿಯೇ ಬೆಳಗಾಗಲೆಂದು ಕಾಯುತ್ತಿದ್ದಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಸೋಫಾದಿಂದ ಕೈಯೂರದೆ ಎದ್ದುಬಿಟ್ಟಳು. ಎದ್ದ ಮೇಲೇ ಅವಳಿಗೆ ಗೊತ್ತಾದದ್ದು. ಮತ್ತೊಂದು ದಿನ ಗೋಡೆ ಮುಟ್ಟದೆ ಅಡುಗೆಮನೆಗೆ ಹೋಗಿ ಬಂದಳು. ಉಂಡೆ ಮಾತಾಡಲಿಲ್ಲ. ಸಂಜೆ ಮನೆಗೆ ಬಂದ ಈರೇಶನ ಕಣ್ಣಲ್ಲಿ ನೀರಿತ್ತು.

“ನಂದಾ, ನಾ ನೋಡಿದ್ನಿ. ಗ್ವಾಡಿ ಮುಟ್ಟಲಾರದ ನಡದಿ. ಇದು ಪೂಜಿ ಫಲ ನೋಡು. ಪೂಜಿಗೆ ಹೆಚ್ಚಿಗೆ ಹೊತ್ತು ಕುಂದರಾಕ ಹತ್ತಿದಾಗಿಂದ ನಿನ್ನ ನಡಿಗಿನ ಬ್ಯಾರೆ ಆಗೇತಿ.”

ಅವಳು ಬಾಯಿ ತೆರೆದಳು. ಏನು ಹೇಳುವುದು? ಹೇಳಿದರೆ ದೇವರ ಮನೆಯ ಬಾಗಿಲಿಗೂ ಬೀಗ ಬೀಳುತ್ತದೆ. ಬಾಯಿ ಮುಚ್ಚಿದಳು. ಅಲ್ಲಿಂದ ಅವಳ ಗ್ರಹಚಾರ ಶುರುವಾಯಿತು.

ಈರೇಶನ ಹೊಟ್ಟೆಯಲ್ಲಿ ಸಂತೋಷ ನಿಲ್ಲುವುದಿಲ್ಲ. ಬ್ಯಾಡಗಿಗೆ ಫೋನು ಹೋಯಿತು, ಧಾರವಾಡಕ್ಕೆ ಹೋಯಿತು. ಶಿವಲಿಂಗಮ್ಮನವರು ಮನೆಗೆ ಬಂದವರಿಗೆಲ್ಲ ಸೊಸೆಯ ಪೂಜೆಯ ಮಹಿಮೆ ಹೇಳಿದರು. ಮೊಣಕಾಲು ನೋವಿನ ಅವರಿಗೆ ಸ್ವತಃ ನೆಲದ ಮೇಲೆ ಕೂರಲು ಆಗುತ್ತಿರಲಿಲ್ಲ. “ಆಕಿ ಪೂಜಿ ಒಮ್ಮೆ ಕಣ್ಣಾರೆ ನೋಡಬೇಕೋ ಈರ್ಯಾ” ಎಂದರು. ಬೆಂಗಳೂರಿಗೆ ಬರುವ ಶಕ್ತಿ ಇಲ್ಲ. ಹಾಗಾದರೆ ದಾರಿ? ದಾರಿ ಈರೇಶನಿಗೆ ಚೆನ್ನಾಗಿ ಗೊತ್ತಿತ್ತು. ಶ್ರಾವಣದ ಮೊದಲ ಸೋಮವಾರ ಇನ್ನೊಂದು ಉಂಡೆ ತಂದು, ದೇವರ ಮನೆಯ ಮೂಲೆಯಲ್ಲಿ, ಬಸವಣ್ಣನ ಪಟದ ಮೇಲ್ಗಡೆ ಗೋಡೆಗೆ ಮೊಳೆ ಹೊಡೆದು ಕೂರಿಸಿದ.

“ಅವ್ವಾ ದಿನಾ ದರ್ಶನಾ ತಗೋತಾಳ. ನನಗೂ ಆಫೀಸಿನ್ಯಾಗ ಒಂದೀಟು ಸಮಾಧಾನ” ಎಂದ. ಮುಖದ ತುಂಬ ಹಿಗ್ಗು.

ಮಹಾನಂದಾ ತಲೆಯೆತ್ತಿ ಹೊಸ ಉಂಡೆಯನ್ನು ನೋಡಿದಳು. ತಾನೇ ಹೇಳದೆ ಉಳಿದ ಒಂದು ಮಾತು ಕಾಲು ಬೆಳೆಸಿಕೊಂಡು ಬಂದು, ಇದ್ದ ಒಂದೇ ಕಂಡಿಯನ್ನೂ ಮುಚ್ಚಿತ್ತು. ಬೇಡ ಎನ್ನಲು ಕಾರಣ ಬೇಕು, ಕಾರಣ ಹೇಳುವಂತಿಲ್ಲ. “ಆತ್ರಿ” ಎಂದಳು.

ಮರುದಿನದಿಂದ ಅವಳು ಕೂತಳು. ಅಂಗೈಯಲ್ಲಿ ಲಿಂಗ, ತಲೆಯ ಮೇಲೆ ಉಂಡೆ, ಉಂಡೆಯ ಆಚೆ ಯಾರ್ಯಾರೋ. ಶಿವಲಿಂಗಮ್ಮನವರ ಪಕ್ಕದಲ್ಲಿ ನೆರೆಮನೆಯ ಹೆಂಗಸರೂ ಮೊಬೈಲಿಗೆ ಕೈಮುಗಿದು ಕೂರುತ್ತಾರೆ ಎಂದು ಶಿವಾನಿ ಹೇಳಿದಳು. ಮೊದಲಿನಷ್ಟೇ ಹೊತ್ತು ಕೂರಬೇಕು, ಇಲ್ಲದಿದ್ದರೆ ಇಷ್ಟು ದಿನ ಏನು ಮಾಡುತ್ತಿದ್ದಳು ಎಂಬ ಪ್ರಶ್ನೆ ಬರುತ್ತದೆ. ಲಿಂಗ ಹಿಡಿದ ಮಣಿಕಟ್ಟು ಉರಿಯುತ್ತಿತ್ತು, ಮಡಚಿದ ಮೊಣಕಾಲು ಕಲ್ಲಾಗುತ್ತಿತ್ತು. ಶಿವನ ಮುಂದೆ ಕೂತು ಶಿವನನ್ನು ಬಿಟ್ಟು ಉಳಿದೆಲ್ಲರನ್ನೂ ನೆನೆಯುತ್ತಿದ್ದಳು. ಹಿಂದೆ ಒಂದು ಸೋಫಾ ಇತ್ತು, ಈಗ ಮಣೆಯೂ ಸೇರಿತು. ಕೂರುವುದಕ್ಕೆ ಮಾತ್ರ ಈ ಮನೆಯಲ್ಲಿ ಬರವಿಲ್ಲ ಎಂದು ಅವಳಿಗೆ ಸಿಟ್ಟು ಬರುತ್ತಿತ್ತು.

ಶ್ರಾವಣ ಅರ್ಧ ಕಳೆಯುವಷ್ಟರಲ್ಲಿ ಅವಳ ಕೈ ಮತ್ತೆ ಗೋಡೆ ಹುಡುಕತೊಡಗಿತು. ಸೋಫಾದಿಂದ ಏಳಲು ಮತ್ತೆ ಆಸರೆ. ಈರೇಶ ಕಂಗಾಲಾದ. “ಯಾಕ ನಂದಾ? ಪೂಜಿಯೊಳಗ ಏನರ ಕಡಿಮಿ ಆತೇನು? ಸಂಜಿಗೂ ಒಮ್ಮೆ ಕುಂದ್ರತೀಯೇನು?”

ಅಂದು ಅವಳು ಬಚ್ಚಲಲ್ಲಿ ಪ್ರಯತ್ನಿಸಿದಳು. ನಲ್ಲಿ ಹಿಡಿದು ಕಾಲೆತ್ತಿದಳು. ಒದ್ದೆ ನೆಲ ಹಿಮ್ಮಡಿಯ ಕೆಳಗೆ ಸರಕ್ಕನೆ ಜಾರಿತು. ಮೊಣಕೈ ಗೋಡೆಗೆ ಸಿಕ್ಕಿ ಹೇಗೋ ನಿಂತಳು. ಬಕೆಟ್ಟು ಹಿಡಿದು ಬಗ್ಗಿ ಬಹಳ ಹೊತ್ತು ಉಸಿರಾಡಿದಳು. ಇಲ್ಲಿ ಬಿದ್ದರೆ ಮುಗಿಯಿತು, ಇನ್ನು ಬದುಕಿರುವವರೆಗೂ ಯಾರೂ ತನ್ನನ್ನು ಏಳಲು ಬಿಡುವುದಿಲ್ಲ. ಕದ್ದು ಮಾಡುವ ಜಾಗ ಇನ್ನು ಇಲ್ಲ. ಮಾಡುವುದಾದರೆ ಕಾಣುವಂತೆಯೇ ಮಾಡಬೇಕು. ಹೆದರಿಕೆಗೆ ಅವಳಿಗೆ ಅಳು ಬಂತು, ಅತ್ತಳು, ಮುಖ ತೊಳೆದು ಹೊರಬಂದಳು.

ಮುಂದಿನ ಸೋಮವಾರ ಪೂಜೆಗೆ ಕೂತಳು. ವಿಭೂತಿ ಧರಿಸಿದಳು, ಪತ್ರಿ ಏರಿಸಿದಳು, ಅಂಗೈಯ ಲಿಂಗವನ್ನು ಮನಸಿಟ್ಟು ನೋಡಿದಳು. ಎಷ್ಟೋ ದಿನದ ಮೇಲೆ ಅದು ನಿಜವಾದ ಪೂಜೆಯಾಯಿತು. ಲಿಂಗಪ್ಪನನ್ನು ಕರಡಿಗೆಗೆ ಸೇರಿಸಿ ಕಣ್ಣಿಗೊತ್ತಿಕೊಂಡಳು. ಕಟ್ಟೆ ಹಿಡಿದು ಎದ್ದಳು. ಉಂಡೆಯ ಕಡೆ ಒಮ್ಮೆ ನೋಡಿ, ಬಲಗಾಲು ಎತ್ತಿದಳು.

“ಯಾಕ ಎದ್ದಿ ನಂದಾ? ಪೂಜಿ ಆತೇನು?” ಈರೇಶನ ದನಿ. ಆಮೇಲೆ ಏರಿತು. “ಏ, ಏನ ಮಾಡಾಕತ್ತೀ? ಕಾಲು ಇಳಿಸು! ಕುಂದ್ರು!”

ಮೈ ವಾಲಿತು. ಅವಳು ಬೆರಳ ತುದಿಯಿಂದ ಗೋಡೆ ಮುಟ್ಟಿ ಸರಿಮಾಡಿಕೊಂಡಳು. ಕಾಲು ಇಳಿಸಲಿಲ್ಲ.

“ನಂದವ್ವಾ, ಏನಾತವ್ವಾ?” ಈಗ ಶಿವಲಿಂಗಮ್ಮನವರ ದನಿ, ಬ್ಯಾಡಗಿಯಿಂದ.

“ಅತ್ತಿ, ನಿಮಗ ಸುಳ್ಳ ಹೇಳೀನಿ” ಎಂದಳು ಮಹಾನಂದಾ. “ನಾ ಅಷ್ಟೊತ್ತು ಪೂಜಿ ಮಾಡ್ತಿರಲಿಲ್ಲ. ಪೂಜಿ ಮುಗಿಸಿ ಹಿಂಗ ನಿಂದರತಿದ್ದೆ. ಆ ಹುಡುಗಿ ಕಲಿಸಿದ ಕಸರತ್ತು. ನಡಿಗಿ ಬಂದಿದ್ದು ಅದರಿಂದ. ಈ ಕಣ್ಣ ಇಲ್ಲಿಟ್ಟಮ್ಯಾಲ ಬಿಟ್ಟೆ. ಬಿಟ್ಟಮ್ಯಾಲ ಹೋತು.”

ಉಂಡೆಯ ಕುತ್ತಿಗೆ ಅವಳ ಎತ್ತಿದ ಕಾಲಿನ ಕಡೆ ತಿರುಗಿತು.

“ದೇವರ ಮನ್ಯಾಗ?” ಎಂದ ಈರೇಶ.

“ಮತ್ತೆಲ್ಲಿ ಮಾಡ್ಲ್ರಿ? ನೀವು ನೋಡದ ಜಾಗಾ ಇದೊಂದ ಇತ್ತು.”

ಆಮೇಲೆ ಶಿವಲಿಂಗಮ್ಮನವರು ಕೇಳಿದರು. “ಲಿಂಗಪ್ಪನ್ನ ಕರಡಿಗ್ಯಾಗ ಇಟ್ಟಮ್ಯಾಲ ಮಾಡ್ತಿದ್ದಿ, ಹೌದಲ್ಲ?”

“ಹೌದತ್ತಿ.”

“ಹಂಗಾರ ಈ ಈರ್ಯಾ ಯಾಕ ಒದರಾಕತ್ತಾನ? ನನಗ ಮದಲ ಹೇಳಿದ್ರ ನಾನೂ ಮಾಡತಿದ್ನಲ್ಲವಾ, ನನ್ನ ಮೊಣಕಾಲ ಏನ ಪಾಪ ಮಾಡ್ಯಾವ?”

“ಅವ್ವಾ, ನೀ ಸುಮ್ನಿರು! ನಂದಾ, ನೀ ಅಲ್ಲೇ ಕುಂದ್ರು, ನಾ ಬರಾಕತ್ತೀನಿ!”

ಅವಳು ಕೂರಲಿಲ್ಲ. ಇನ್ನೊಂದು ಕಾಲಿನದೂ ಮುಗಿಸಿ ಹಾಲಿಗೆ ಬಂದಳು, ನೀರು ಕುಡಿದಳು. ಕೆಳಗೆ ಅವನ ಬೈಕು ನಿಂತ ಸದ್ದು ಕೇಳಿತು. ಮೊಬೈಲಿನಲ್ಲಿ ಕಂಡದ್ದು ಬೇರೆ, ಎದುರು ಕಾಣುವುದು ಬೇರೆ. ಎದುರಿನಲ್ಲೇ ಕಾಣಲಿ ಎಂದು ದೇವರ ಮನೆಗೆ ಹೋಗಿ, ಬಾಗಿಲು ಹಾರುಹೊಡೆದು, ಮತ್ತೆ ಕಾಲೆತ್ತಿ ನಿಂತಳು. ಬೀಗ ತೆರೆಯಿತು, ಚಿಲಕ ಸರಿಯಿತು. ಹೆಲ್ಮೆಟ್ಟನ್ನೂ ತೆಗೆಯದೆ ಈರೇಶ ಓಡಿ ಬಂದು ಅವಳ ಎರಡೂ ರಟ್ಟೆಗಳನ್ನು ಗಟ್ಟಿಯಾಗಿ ಹಿಡಿದ. ಹಿಡಿದ ರಭಸಕ್ಕೆ ಅವಳು ಹಿಂದಕ್ಕೆ ವಾಲಿದಳು, ಭುಜ ಗೋಡೆಗೆ ಬಡಿಯಿತು, ತಟ್ಟೆಯ ವಿಭೂತಿ ಚೆಲ್ಲಿತು.

“ಬಿಡ್ರಿ” ಎಂದಳು. ನೋವಿಗೆ ಕಣ್ಣಲ್ಲಿ ನೀರು. “ನೀವು ಹಿಡದದ್ದಕ್ಕ ಬೀಳಾಕತ್ತೀನಿ. ಬಿಡ್ರಿ ನನ್ನ.”

ಅವನು ಸುಟ್ಟವನಂತೆ ಕೈ ತೆಗೆದ. ಅವಳು ಓಲಾಡಿದಳು, ಕಟ್ಟೆ ಮುಟ್ಟಿದಳು, ನಿಂತಳು. ಅವನ ಎರಡೂ ಕೈಗಳು ಗಾಳಿಯಲ್ಲಿ ಅವಳ ಅಕ್ಕಪಕ್ಕ ಹಾಗೆಯೇ ಇದ್ದವು, ಮುಟ್ಟುವುದಕ್ಕೂ ಧೈರ್ಯವಿಲ್ಲ, ಇಳಿಸುವುದಕ್ಕೂ ಧೈರ್ಯವಿಲ್ಲ. ಹೆಲ್ಮೆಟ್ಟಿನೊಳಗೆ ಅವನು ಅಳುತ್ತಿದ್ದ.

“ಅವತ್ತು ನೀ ನೆಲದ ಮ್ಯಾಲೆ ಬಿದ್ದಿದ್ದಿ” ಎಂದ. “ಬಾಯಿ ಒಣಗಿ ಹೋಗಿತ್ತು. ನೀರು ಕೇಳಾಕೂ ಆಗಿರಲಿಲ್ಲ ನಿನಗ. ಅದು ನನ್ನ ಕಣ್ಣಿಂದ ಹೋಗವಲ್ದು ನಂದಾ.”

“ನನ್ನ ಕಣ್ಣಿಂದ ಈ ಬಾಗಲಾ ಹೋಗವಲ್ದು” ಎಂದಳು ಅವಳು.

ಅವನು ಓಡಿ ಬಂದ ಭರದಲ್ಲಿ ಹೊರಬಾಗಿಲು ಪೂರ್ತಿ ತೆರೆದೇ ಇತ್ತು. ಮಹಾನಂದಾ ಹಾಲ್ ದಾಟಿದಳು. ಹೊಸ್ತಿಲ ಬಳಿ ಇದ್ದ ಮೆತ್ತನೆಯ ಚಪ್ಪಲಿಯೊಳಗೆ ಪಾದ ತೂರಿಸಿದಳು. ಮೊಣಕೈಯನ್ನು ಕಂಬಿಯ ಮೇಲೆ ಊರಿ ಮೊದಲ ಮೆಟ್ಟಿಲಿಳಿದಳು. ಈರೇಶ ಹಿಂದೆಯೇ ಬಂದ, ಕೈ ಚಾಚಿಕೊಂಡು, ಹಿಡಿಯದೆ. ಮಧ್ಯದ ಚೌಕದವರೆಗೆ ಇಳಿಯುವಷ್ಟರಲ್ಲಿ ತೊಡೆ ಥರಗುಟ್ಟಿತು. ಹೊಂಗೆ ಮರ ಅಲ್ಲಿಂದ ಕಾಣುತ್ತಿತ್ತು, ಅದರ ಕೆಳಗೆ ಯಾರೋ ಡೆಲಿವರಿಯವರು ಬೈಕು ನಿಲ್ಲಿಸಿ ನೆರಳಿಗೆ ಕೂತಿದ್ದರು. ಇವತ್ತಿಗೆ ಇಷ್ಟೇ ಎಂದು ಅವಳ ಕಾಲು ಹೇಳಿತು. ಅವಳು ಕೇಳಿದಳು.

ಕೆಳಗಿನಿಂದ ವಸಂತಮ್ಮ ತಲೆಯೆತ್ತಿ ನೋಡಿದರು. “ಅಯ್ಯೋ ಶಿವನೇ, ನಂದಮ್ಮ! ಬಾಗ್ಲು ಬಿಟ್ಟು ಮನುಸ್ಯರ ತರ ಕಾಣ್ತೀಯಲ್ಲವ್ವಾ!”

ಮೇಲೆ ಬಂದ ಮೇಲೆ ಈರೇಶ ದೇವರ ಮನೆಯ ಉಂಡೆಯನ್ನು ತಾನೇ ಕಿತ್ತ. ಹಾಲಿನದರ ಬಳಿ ಬಂದು ನಿಂತ. “ಇದೊಂದು ಇರಲಿ ನಂದಾ. ಇದನ್ನೂ ತಗಿ ಅಂದ್ರ ನಾ ಆಫೀಸಿನ್ಯಾಗ ಸಾಯ್ತೀನಿ.”

“ಇರಲಿ. ನೋಡ್ರಿ. ಆದ್ರ ಮಾತಾಡಬ್ಯಾಡ್ರಿ.” ಅವನು ತಲೆಯಾಡಿಸಿದ.

“ಮತ್ತ ಕೀಲಿ?” ಎಂದು ಅವಳೇ ಕೇಳಿದಳು.

“ನಾಳೆ ನೋಡೂಣು” ಎಂದ ಅವನು. ಈ ‘ನೋಡೂಣು’ ಎಂಬುದನ್ನು ಅವಳು ಎಷ್ಟು ಸಲ ಕೇಳಿದ್ದಳೋ.

ಮರುದಿನ ಬೆಳಿಗ್ಗೆ ಅವನು ಎಂದಿನಂತೆ ಜಡೆ ಹಾಕಿದ, ಗುಳಿಗೆ ಬಿಡಿಸಿದ, ಬಾಟಲಿಯ ಮುಚ್ಚಳ ಸಡಿಲಿಸಿದ, ರೊಟ್ಟಿ ಮುರಿದಿಟ್ಟ. ಕೀಲಿಯ ಮಾತೆತ್ತದೆ ಹೊರಟ. ಮಹಾನಂದಾ ಸೋಫಾದ ಮೇಲೆ ಕೂತು ಕಿವಿಯಾದಳು. ಬಾಗಿಲು ಮುಚ್ಚಿತು. ಚಿಲಕ ಸರಿಯಿತು. ಬೀಗ ಕಟ್ಟೆಂದಿತು. ಒಮ್ಮೆ ಜಗ್ಗಿದ ಸದ್ದು, ಎಂದಿನದೇ. ಬೂಟಿನ ಹೆಜ್ಜೆಗಳು ಕೆಳಗಿಳಿದವು.

ಅವಳಿಗೆ ಅಳುವೂ ಬರಲಿಲ್ಲ. ಎಲ್ಲ ಹೇಳಿಯಾಗಿತ್ತು, ಇನ್ನು ಹೇಳಲು ಏನೂ ಉಳಿದಿರಲಿಲ್ಲ.

ಹೆಜ್ಜೆಗಳು ನಿಂತವು. ಮಧ್ಯದ ಚೌಕದಲ್ಲೇ ಇರಬೇಕು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಕೆಳಗೆ ರಸ್ತೆಯಲ್ಲಿ ಯಾವುದೋ ಕಂಪನಿಯ ಬಸ್ಸು ಹಾರ್ನು ಹೊಡೆಯಿತು. ಆಮೇಲೆ ಅದೇ ಹೆಜ್ಜೆಗಳು ನಿಧಾನವಾಗಿ ಮೇಲೆ ಬಂದವು. ಬೀಗಕ್ಕೆ ಕೀ ಬಿತ್ತು. ಚಿಲಕ ಮತ್ತೆ ಸರಿಯಿತು, ಈ ಸಲ ಆ ಕಡೆಗೆ. ಅವನು ಒಳಗೆ ಬರಲಿಲ್ಲ. ಬಾಗಿಲು ಜಗ್ಗಿ ನೋಡಲೂ ಇಲ್ಲ. ಇಳಿದು ಹೋದ. ಬೈಕು ಚಾಲೂ ಆಗಿ ದೂರವಾಯಿತು.

ಅವನು ಆಫೀಸು ಮುಟ್ಟುವಷ್ಟು ಹೊತ್ತು ಬಿಟ್ಟು ಮಹಾನಂದಾ ಕೈಯೂರಿ ಎದ್ದಳು. ಇಂದು ಊರಿಯೇ ಏಳಬೇಕಿತ್ತು, ನಿನ್ನೆಯ ಮೆಟ್ಟಿಲು ತೊಡೆಯಲ್ಲಿತ್ತು. ಬಾಗಿಲಿನವರೆಗೆ ನಡೆದಳು. ಹಿಡಿಯನ್ನು ಬೆರಳಲ್ಲಿ ಹಿಡಿಯಲಾಗದೆ ಮುಂಗೈಯಿಂದ ಒತ್ತಿ ಎಳೆದಳು. ಬಾಗಿಲು ತೆರೆದುಕೊಂಡಿತು. ಹೊಸ್ತಿಲ ಮೇಲೆ ನಿಂತು ಅವಳು ಕಾದಳು. ಟಿವಿಯ ಪಕ್ಕ ಉಂಡೆ ಕುತ್ತಿಗೆ ತಿರುಗಿಸಿದ ಸಣ್ಣ ಸದ್ದು ಕೇಳಿಸಿತು. ಈರೇಶ ನೋಡುತ್ತಿದ್ದಾನೆ. ಅವಳು ಚಪ್ಪಲಿಯೊಳಗೆ ಒಂದು ಪಾದ ತೂರಿಸಿದಳು, ಆಮೇಲೆ ಇನ್ನೊಂದನ್ನು. ಹಿಂದಿನಿಂದ ಯಾವ ದನಿಯೂ ಬರಲಿಲ್ಲ.